ಒಂದೇ ಹಾಡಿಗೆ ಐದು ಟ್ರ್ಯಾಕ್: ಯಾವುದು ಇರಲಿ, ಯಾವುದು ಹೋಗಲಿ, ಪಟ್ಟಿಯಲ್ಲಿ ಏನು ಕಾಣಲಿ

ಗಣಪತಿ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಮದುವೆಯ ಆರತಕ್ಷತೆ, ತೀರ್ಥಹಳ್ಳಿ ಕಡೆಯ ಹೋಂಸ್ಟೇ, ನಿವೃತ್ತರ ವಾರದ ಕೂಟ. ಗಾಯಕರ ದನಿ ತೆಗೆದ ಸಂಗೀತಕ್ಕೆ, ಪರದೆಯ ಮೇಲಿನ ಸಾಹಿತ್ಯ ನೋಡಿಕೊಂಡು ನಾವೇ ಹಾಡುವ ಕರೋಕೆ ಶಿವಮೊಗ್ಗ ಸುತ್ತಮುತ್ತ ಈ ಎಲ್ಲ ಕಡೆಗೂ ಬಂದಾಗಿದೆ. ನಡೆಸುವವರ ಹಾರ್ಡ್ ಡಿಸ್ಕ್ ತೆರೆದರೆ ಕಾಣುವ ತೊಂದರೆ ಮಾತ್ರ ಹೆಚ್ಚುಕಡಿಮೆ ಒಂದೇ. ಒಂದು ಹಾಡು ನಾಲ್ಕೈದು ಸಲ ಇರುತ್ತದೆ. ಗೆಳೆಯರ ಪೆನ್‌ಡ್ರೈವ್‌ನಿಂದ ಬಂದದ್ದು ಒಂದು, ಹಳೇ ಲ್ಯಾಪ್‌ಟಾಪ್‌ನದು ಒಂದು, ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಇನ್ನೊಂದು. ಹೆಸರು ಒಂದೊಂದಕ್ಕೆ ಒಂದೊಂದು ತರ.

ಜಾಗ ತುಂಬುತ್ತದೆ ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ. ಹೋಗುವುದು ಸಮಯ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಸಂಜೆ 7ಕ್ಕೆ ಶುರುವಾದ ಕಾರ್ಯಕ್ರಮಕ್ಕೆ ಸಿಗುವುದು 180 ನಿಮಿಷ. ಮೈಕ್ ಕೈ ಬದಲಾಗುವುದೂ ಸೇರಿ ಹಾಡಿಗೆ 6 ನಿಮಿಷ ಅಂದರೆ 30 ಹಾಡು. ಪ್ರತಿ ಹಾಡಿಗೆ ಸರಿಯಾದ ಟ್ರ್ಯಾಕ್ ಹುಡುಕಲು ಒಂದು ನಿಮಿಷ ಜಾಸ್ತಿ ಹೋದರೆ ಅದು 25ಕ್ಕೆ ಇಳಿಯುತ್ತದೆ. ಮನೆಯಲ್ಲಿ ವಾರವಿಡೀ ಅಭ್ಯಾಸ ಮಾಡಿ ಬಂದ ಐದು ಜನ ಹಾಡದೆ ವಾಪಸ್ ಹೋಗುತ್ತಾರೆ. ಅವರಿಗಾಗಿಯೇ ಈ ಕೆಲಸವನ್ನು ಗಂಭೀರವಾಗಿ ಮಾಡಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಾಡು ಬೇರೆ, ಟ್ರ್ಯಾಕ್ ಬೇರೆ. ಟ್ರ್ಯಾಕ್ ಅಂದರೆ ಆ ಹಾಡನ್ನು ಹಾಡಲು ಓಡಿಸುವ ಒಂದು ಫೈಲ್. ಒಂದು ಹಾಡಿಗೆ ಮೂರು ಟ್ರ್ಯಾಕ್ ನಿಮ್ಮ ಹತ್ತಿರ ಇರಬಹುದು, ಇರಬೇಕಾದದ್ದೂ ಉಂಟು. ಆದರೆ ಹಾಡುವವರ ಕೈಗೆ ಕೊಡುವ ಪಟ್ಟಿಯಲ್ಲಿ ಆ ಹಾಡು ಒಂದೇ ಸಾಲಿನಲ್ಲಿ ಕಾಣಬೇಕು. ಮುಂದಿನ ಎಲ್ಲ ಆಯ್ಕೆಗಳನ್ನೂ ಈ ದೃಷ್ಟಿಯಿಂದಲೇ ಹೋಲಿಸಿದ್ದೇನೆ.

ಡಬಲ್ ಥರ ಕಾಣುವುದೆಲ್ಲ ಡಬಲ್ ಅಲ್ಲ

ನಾಡಗೀತೆಯನ್ನೇ ತೆಗೆದುಕೊಳ್ಳಿ. ಕುಪ್ಪಳಿಯ ಕುವೆಂಪು ಬರೆದದ್ದು. ಪದ್ಯ ಒಂದು, ಆದರೆ ಮೈಸೂರು ಅನಂತಸ್ವಾಮಿ ಹಾಕಿದ ರಾಗ ಒಂದು, ಸಿ. ಅಶ್ವತ್ಥ್ ಹಾಕಿದ ರಾಗ ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ ಅಧಿಕೃತ ಮಾಡಿತು, ಹಾಡಿ ಮುಗಿಸಲು 2 ನಿಮಿಷ 30 ಸೆಕೆಂಡ್ ಎಂದೂ ಗೊತ್ತುಮಾಡಿತು. ಹೆಸರು ಒಂದೇ ಇದೆ ಎಂದು ಕಂಪ್ಯೂಟರ್ ಮಾತು ಕೇಳಿ ಎರಡರಲ್ಲಿ ಒಂದನ್ನು ಅಳಿಸಿದಿರಿ ಅಂದುಕೊಳ್ಳಿ. ನವೆಂಬರ್ 1ರಂದು ವೇದಿಕೆಯ ಮೇಲೆ ಉಳಿದದ್ದು ಬೇಡದ ರಾಗದ್ದಾದರೆ? ದಾಸರ ಪದಗಳದ್ದೂ ಇದೇ ಕಥೆ. ಪುರಂದರದಾಸರ ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ ಹಾಡಿದರೆ ಇನ್ನೊಬ್ಬರದ್ದು ಬೇರೆಯೇ ಇರುತ್ತದೆ.

ಇದಕ್ಕೆ ಉಲ್ಟಾ ಇರುವುದೂ ಇದೆ. ಹೆಸರು ಎರಡು, ಹಾಡು ಒಂದು. ಶಿವಮೊಗ್ಗದಲ್ಲಿ ಪಾಠ ಮಾಡಿದ್ದ ನಿಸಾರ್ ಅಹಮದ್ ಅವರ ಹಾಡನ್ನು ಕೆಲವರು ‘ನಿತ್ಯೋತ್ಸವ’ ಎಂದು ಕೇಳುತ್ತಾರೆ, ಕೆಲವರು ‘ಜೋಗದ ಸಿರಿ’ ಎಂದು ಕೇಳುತ್ತಾರೆ. ನಮ್ಮ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರ ಪ್ರಶಸ್ತಿ ತಂದ ‘ಕಾಡು ಕುದುರೆ’ ಹಾಡು ಸಿನಿಮಾ ಫೋಲ್ಡರ್‌ನಲ್ಲೂ ಇರುತ್ತದೆ, ಭಾವಗೀತೆ ಫೋಲ್ಡರ್‌ನಲ್ಲೂ ಇರುತ್ತದೆ. ಎರಡು ಕಡೆ ಇಟ್ಟವರದ್ದು ತಪ್ಪಲ್ಲ, ಎರಡೂ ಸರಿಯೇ. ಪಟ್ಟಿಯಲ್ಲಿ ಒಂದೇ ನಂಬರ್ ಸಿಕ್ಕರೆ ಸಾಕು.

ಇನ್ನು ನಿಜವಾಗಿಯೂ ಬೇರೆ ಬೇರೆ ಉಪಯೋಗಕ್ಕೆ ಬರುವ ಟ್ರ್ಯಾಕ್‌ಗಳು. ಯುಗಳಗೀತೆಯಲ್ಲಿ ಗಂಡು ದನಿ ಮಾತ್ರ ತೆಗೆದದ್ದು, ಹೆಣ್ಣು ದನಿ ಮಾತ್ರ ತೆಗೆದದ್ದು, ಎರಡೂ ತೆಗೆದದ್ದು, ಹೀಗೆ ಮೂರು ಬರುತ್ತವೆ. ಮೂರೂ ಬೇಕು. ಜೊತೆಗೆ ಹಾಡುವವರು ಇಲ್ಲದ ಅಕ್ಕ ಒಬ್ಬರು ಬಂದು ‘ಗಂಡಸರ ದನಿ ಇರುವುದು ಹಾಕಿ’ ಅಂದರೆ ಇಲ್ಲ ಅನ್ನುವ ಹಾಗಾಗಬಾರದು. ಪರದೆಯ ಮೇಲೆ ಸಾಹಿತ್ಯ ಕನ್ನಡ ಅಕ್ಷರದಲ್ಲಿ ಬರುವುದು ಒಂದು, ಇಂಗ್ಲಿಷ್ ಅಕ್ಷರದಲ್ಲಿ ಬರುವುದು ಇನ್ನೊಂದು. ಹಿರಿಯರಿಗೆ ಮೊದಲನೆಯದು ಬೇಕು. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ಹುಡುಗರಲ್ಲಿ ಕೆಲವರಿಗೆ ಕನ್ನಡ ಅಕ್ಷರವನ್ನು ಹಾಡಿನ ವೇಗಕ್ಕೆ ಓದಲು ಕಷ್ಟ. ಅವರೂ ಕನ್ನಡ ಹಾಡು ಹಾಡಲಿ ಅನ್ನುವುದಾದರೆ ಎರಡನ್ನೂ ಇಟ್ಟುಕೊಳ್ಳಿ.

ಸ್ಕೇಲ್, ಅಂದರೆ ಶ್ರುತಿ, ಇಳಿಸಿದ ಟ್ರ್ಯಾಕ್‌ಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಬಿಗಿಯಾಗಿರಬಹುದು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಎತ್ತರಕ್ಕೆ ಎಲ್ಲರ ಗಂಟಲೂ ಹೋಗುವುದಿಲ್ಲ, ಹಾಗಾಗಿ ಜನ ಒಂದೆರಡು ಮೆಟ್ಟಿಲು ಇಳಿಸಿದ ಟ್ರ್ಯಾಕ್ ಕೂಡಿಟ್ಟುಕೊಳ್ಳುತ್ತಾರೆ. ಕರೋಕೆ ಸಾಫ್ಟ್‌ವೇರ್ ಬಳಸುವವರಿಗೆ ಅದು ಬೇಡ, ಹಾಡು ಓಡುವಾಗಲೇ ಸ್ಕೇಲ್ ಬದಲಾಯಿಸಬಹುದು. ಆದರೆ ಮೂರು ಮೆಟ್ಟಿಲಿಗಿಂತ ಜಾಸ್ತಿ ಇಳಿಸಿದರೆ ತಬಲಾ, ಡ್ರಮ್ಸ್ ದನಿ ಕೆಡುತ್ತದೆ. ಅಷ್ಟು ಕೆಳಗೆ ಬೇಕಾದ ಹಾಡಿಗೆ ಬೇರೆಯಾಗಿ ನುಡಿಸಿದ ಟ್ರ್ಯಾಕ್ ಸಿಕ್ಕರೆ ಜೋಪಾನ ಮಾಡಿ. ಪೆನ್‌ಡ್ರೈವನ್ನು ನೇರವಾಗಿ ಸ್ಪೀಕರಿಗೆ ಹಾಕಿ ನಡೆಸುವವರು ಇಳಿಸಿದ ಟ್ರ್ಯಾಕ್‌ಗಳನ್ನೂ ಇಟ್ಟುಕೊಳ್ಳಲೇಬೇಕು.

ಹುಡುಕುವ ನಾಲ್ಕು ದಾರಿ

ಮೊದಲನೆಯದು, ಫೈಲ್ ಒಳಗಿನ ಅಕ್ಷರ ಅಕ್ಷರವನ್ನೂ ಹೋಲಿಸುವುದು. ಡ್ಯೂಪ್‌ಗುರು ಅನ್ನುವ ಉಚಿತ ಸಾಫ್ಟ್‌ವೇರ್ ಇದನ್ನು ಮಾಡುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹೆಸರು ಏನೇ ಇರಲಿ, ಒಳಗಿನದು ಪೂರ್ತಿ ಒಂದೇ ಆಗಿದ್ದರೆ ಹಿಡಿಯುತ್ತದೆ. ತಪ್ಪುವ ಭಯ ಇಲ್ಲವೇ ಇಲ್ಲ ಅನ್ನಬಹುದು. ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಕಾಪಿ ಆಗುತ್ತಾ ಬಂದ ಸಂಗ್ರಹದಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ. ಹಾಗಾಗಿ ಯಾರೇ ಆದರೂ ಇಲ್ಲಿಂದಲೇ ಶುರು ಮಾಡಿ. ಇದರ ಮಿತಿಯೂ ಸ್ಪಷ್ಟ. ಯಾರಾದರೂ ಎಂಪಿ3ಯ ಟ್ಯಾಗ್‌ನಲ್ಲಿ, ಅಂದರೆ ಫೈಲ್ ಒಳಗೇ ಬರೆದಿಟ್ಟ ಮಾಹಿತಿಯಲ್ಲಿ, ಗಾಯಕರ ಹೆಸರು ತಿದ್ದಿದ್ದರೆ ಸಾಕು, ಇದಕ್ಕೆ ಅದು ಬೇರೆ ಫೈಲ್. ಜಿಪ್ ಮಾಡಿದವೂ ಹಾಗೆಯೇ. ಜಿಪ್ ಒಳಗೆ ಫೈಲಿನ ತಾರೀಕು ಸೇರಿಕೊಂಡಿರುತ್ತದೆ, ಅದಕ್ಕೇ ಒಂದೇ ಹಾಡಿನ ಎರಡು ಜಿಪ್ ಹೊಂದದೇ ಹೋಗಬಹುದು.

ಎರಡನೆಯದು ಹೆಸರಿನಿಂದ ಹುಡುಕುವುದು. ಇಂಗ್ಲಿಷ್ ಹಾಡುಗಳಿಗೆ ಇದು ಚೆನ್ನಾಗಿ ನಡೆಯುತ್ತದೆ. ಕನ್ನಡಕ್ಕೆ ಬಂದರೆ ಕಷ್ಟ ಶುರು. ಫೈಲಿನ ಹೆಸರನ್ನು ನಾವು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇವೆ, ಅದಕ್ಕೆ ಒಂದು ನಿಯಮ ಇಲ್ಲ. ‘ದ’ ಬರೆಯಲು ಒಬ್ಬರು ಬರೀ ಡಿ ಹಾಕಿದರೆ ಇನ್ನೊಬ್ಬರು ಡಿ ಜೊತೆ ಹೆಚ್ ಸೇರಿಸುತ್ತಾರೆ. ದೀರ್ಘಕ್ಕೆ ಒಬ್ಬರು ಎರಡು ಎ, ಇನ್ನೊಬ್ಬರು ಒಂದೇ ಎ. ‘ಕರೋಕೆ ವಿತ್ ಲಿರಿಕ್ಸ್’, ‘ಹೆಚ್‌ಡಿ’, ‘ಫುಲ್ ಸಾಂಗ್’ ಅನ್ನುವ ಬಾಲಗಳು ಬೇರೆ. ಆ ಬಾಲಗಳನ್ನು ಮೊದಲು ಒಟ್ಟಿಗೆ ಕಿತ್ತುಹಾಕಿ, ಆಮೇಲೆ ಹೋಲಿಸಿದರೆ ಪರವಾಗಿಲ್ಲ ಅನ್ನುವಷ್ಟು ಫಲ ಸಿಗುತ್ತದೆ. ನಾಡಗೀತೆಯಂಥದ್ದನ್ನು ತಪ್ಪಾಗಿ ಜೋಡಿ ಮಾಡುವುದೂ ಇದೇ ದಾರಿ. ಹೆಸರು ಹೊಂದಿದ ಮಾತ್ರಕ್ಕೆ ಯಾವುದನ್ನೂ ಅಳಿಸಬೇಡಿ.

ಮೂರನೆಯದು ಶಬ್ದದ ಬೆರಳಚ್ಚು. ಕ್ರೋಮಾಪ್ರಿಂಟ್ ಅನ್ನುವ ಉಚಿತ ತಂತ್ರ ಹಾಡಿನ ಸ್ವರಗಳ ವಿನ್ಯಾಸವನ್ನು ನೋಡಿ ಒಂದು ಗುರುತು ತಯಾರಿಸುತ್ತದೆ. ಎಂಪಿ3 ಇರಲಿ, ಎಂಪಿ4 ವಿಡಿಯೋ ಇರಲಿ, ಗುಣಮಟ್ಟ ಕಡಿಮೆ ಇರಲಿ, ಜಾಸ್ತಿ ಇರಲಿ, ಒಂದೇ ಸಂಗೀತವಾದರೆ ಸಾಮಾನ್ಯವಾಗಿ ಹಿಡಿಯುತ್ತದೆ. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಇನ್ನೊಂದು ಗುಣ. ಸ್ಕೇಲ್ ಇಳಿಸಿದ ಟ್ರ್ಯಾಕ್‌ನಲ್ಲಿ ಸ್ವರಗಳೇ ಬದಲಾಗಿರುತ್ತವೆ, ಹಾಗಾಗಿ ಅದನ್ನು ಇದು ಬೇರೆ ಎಂದೇ ಎಣಿಸುತ್ತದೆ. ನಮಗೆ ಬೇಕಾದದ್ದೂ ಅದೇ ಅಲ್ವಾ?

ಆದರೆ ಇದು ಎರಡು ಕಡೆ ಮೋಸ ಹೋಗುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೊದಲ 120 ಸೆಕೆಂಡ್ ಮಾತ್ರ ನೋಡುತ್ತದೆ. ಎರಡನೇ ಚರಣ ಕತ್ತರಿಸಿದ ಟ್ರ್ಯಾಕ್ ಮತ್ತು ಪೂರ್ತಿ ಟ್ರ್ಯಾಕ್ ಇದಕ್ಕೆ ಒಂದೇ. ಪಕ್ಕದಲ್ಲಿ ಹಾಡಿನ ಅವಧಿಯನ್ನೂ ನೋಡಿದರೆ ಈ ಸಮಸ್ಯೆ ಮುಗಿಯಿತು. ಎರಡನೆಯದು ಭಾಷೆ. 2018ರ ಕೆಜಿಎಫ್ ಥರ ಐದು ಭಾಷೆಯಲ್ಲಿ ಬಂದ ಚಿತ್ರದ ಹಾಡುಗಳಿಗೆ ದನಿ ತೆಗೆದ ಮೇಲೆ ಉಳಿಯುವ ಸಂಗೀತ ಹೆಚ್ಚುಕಡಿಮೆ ಒಂದೇ, ಪರದೆಯ ಮೇಲಿನ ಸಾಹಿತ್ಯ ಮಾತ್ರ ಬೇರೆ. ಭದ್ರಾವತಿಯಲ್ಲಿ ಕಾರ್ಯಕ್ರಮ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದ ತಮಿಳು, ತೆಲುಗು ಮನೆಗಳು ಅಲ್ಲಿ ಬಹಳ. ತೆಲುಗು ಟ್ರ್ಯಾಕ್ ಅಳಿಸಿಹೋದರೆ ಬಂದು ಕೇಳುವವರಿದ್ದಾರೆ. ಭಾಷೆಗೊಂದು ಫೋಲ್ಡರ್ ಮಾಡಿ, ಆ ಫೋಲ್ಡರ್ ಒಳಗೆ ಮಾತ್ರ ಹೋಲಿಸಿ.

ನಾಲ್ಕನೆಯದು ಕಿವಿ. ಇದಕ್ಕೆ ಬದಲಿ ಇಲ್ಲ. ಯಂತ್ರ ಜೋಡಿ ಮಾಡಿ ಕೊಟ್ಟ ಮೇಲೆ ಯಾವುದನ್ನು ಉಳಿಸುವುದು ಎಂದು ಹೇಳುವುದು ಕಿವಿ ಮತ್ತು ಕಣ್ಣು. ಫೈಲ್ ದೊಡ್ಡದಿದೆ, 320 ಕೆಬಿಪಿಎಸ್ (ಎಂಪಿ3ಯ ಗುಣಮಟ್ಟದ ಅಳತೆ) ಎಂದು ಬರೆದಿದೆ ಎಂದು ನಂಬಬೇಡಿ. 128ರ ಫೈಲನ್ನು ಯಾರೋ 320ಕ್ಕೆ ಏರಿಸಿ ಬರೆದಿದ್ದರೂ ಹೋದ ಗುಣ ವಾಪಸ್ ಬರುವುದಿಲ್ಲ. ಕೊಳಲು, ತಾಳದ ಸದ್ದು ಸ್ಪಷ್ಟ ಇದೆಯಾ, ಮೂಲ ಗಾಯಕರ ದನಿ ನೆರಳಿನ ಹಾಗೆ ಹಿಂದೆ ಕೇಳುತ್ತದಾ, ಸಾಹಿತ್ಯ ಸರಿಯಾದ ಕ್ಷಣಕ್ಕೆ ಬರುತ್ತದಾ ನೋಡಿ. ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಸಾಹಿತ್ಯ ತಡವಾಗಿ ಬಂದರೆ ಹೊಸಬರು ವೇದಿಕೆಯ ಮೇಲೆ ಕಂಗಾಲಾಗುತ್ತಾರೆ. ಸಂಗೀತ ಸ್ವಲ್ಪ ಮಂಕಾಗಿದ್ದರೂ ಅಕ್ಷರ ಸರಿಯಾಗಿ ಓಡುವ ಟ್ರ್ಯಾಕನ್ನೇ ನಾನು ಆರಿಸುತ್ತೇನೆ. ಸಾಹಿತ್ಯದಲ್ಲಿ ಕಾಗುಣಿತ ತಪ್ಪು ತುಂಬಿದ್ದರೆ ಅದೂ ಹೊರಗೆ.

ಇಂಗ್ಲಿಷ್, ಹಿಂದಿ ಟ್ರ್ಯಾಕ್‌ಗಳು ಎಂಪಿ3 ಮತ್ತು ಸಿಡಿಜಿ ಎಂಬ ಎರಡು ಫೈಲ್ ಜೋಡಿಯಾಗಿ ಬಂದಿದ್ದರೆ ಒಂದು ಎಚ್ಚರಿಕೆ. ಒಂದರಲ್ಲಿ ಸಂಗೀತ, ಇನ್ನೊಂದರಲ್ಲಿ ಸಾಹಿತ್ಯ. ಎರಡರ ಹೆಸರೂ ಒಂದೇ ಇದ್ದರೆ ಮಾತ್ರ ಒಟ್ಟಿಗೆ ಓಡುತ್ತವೆ. ಡಬಲ್ ಹುಡುಕುವ ಸಾಫ್ಟ್‌ವೇರ್ ಎಂಪಿ3 ಮಾತ್ರ ಎತ್ತಿಹಾಕಿದರೆ ಸಾಹಿತ್ಯ ಅನಾಥವಾಗುತ್ತದೆ. ಎರಡನ್ನೂ ಸೇರಿಸಿ ಒಂದು ಜಿಪ್ ಮಾಡಿಟ್ಟರೆ ಬೇರೆಯಾಗುವ ಭಯ ಇಲ್ಲ. ಆದರೆ ಮೊದಲನೇ ದಾರಿಯ ಹೋಲಿಕೆ ಮುಗಿದ ಮೇಲೆ ಜಿಪ್ ಮಾಡಿ.

ಅಳಿಸುವುದೋ, ಪಕ್ಕಕ್ಕಿಡುವುದೋ

ಮಂಡಿಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡುವ ಹಾಗೆ ಟ್ರ್ಯಾಕ್‌ಗಳನ್ನೂ ದರ್ಜೆ ಮಾಡಿ. ಹಾಡಿಗೆ ಒಂದು ನಂಬರ್ ಕೊಡಿ, ಟ್ರ್ಯಾಕ್‌ಗೆ ಅಕ್ಷರದ ಬಾಲ. 412 ಎಂಬುದು ಹಾಡು. 412ಅ ನಿಮ್ಮ ಮೊದಲ ಆಯ್ಕೆ, 412ಆ ಗಂಡು ದನಿ ಉಳಿಸಿದ್ದು, 412ಇ ಇಂಗ್ಲಿಷ್ ಅಕ್ಷರದ್ದು. ಹಾಡುವವರ ಕೈಗೆ ಕೊಡುವ ಪಟ್ಟಿಯ ಪುಸ್ತಕದಲ್ಲಿ 412 ಮಾತ್ರ. ನಾಳೆ ಇನ್ನೂ ಒಳ್ಳೆಯ ಟ್ರ್ಯಾಕ್ ಸಿಕ್ಕರೆ 412ಅ ಜಾಗಕ್ಕೆ ಅದನ್ನು ಹಾಕುತ್ತೀರಿ, ಪುಸ್ತಕ ಮುಟ್ಟಬೇಕಾಗಿಲ್ಲ. ಹಾಡನ್ನು ತೆಗೆದರೂ ಆ ನಂಬರನ್ನು ಬೇರೆ ಹಾಡಿಗೆ ಕೊಡಬೇಡಿ. ಹಳೇ ಪುಸ್ತಕದ ಪ್ರತಿ ಯಾರದೋ ಮನೆಯಲ್ಲಿ ಇದ್ದೇ ಇರುತ್ತದೆ.

ಬೇಡವಾದದ್ದನ್ನು ತಕ್ಷಣ ಅಳಿಸುವುದಕ್ಕಿಂತ ‘ಪಕ್ಕಕ್ಕೆ’ ಎಂಬ ಫೋಲ್ಡರ್‌ಗೆ ಸಾಗಿಸುವುದು ವಾಸಿ. ಡ್ಯೂಪ್‌ಗುರುವಿನಲ್ಲಿ ಅಳಿಸುವ ಬದಲು ಸಾಗಿಸುವ ಆಯ್ಕೆ ಇದೆ. ಒಂದು ಫೋಲ್ಡರನ್ನು ಮುಟ್ಟಬಾರದು ಎಂದು ಗುರುತಿಸಿಡುವ ಅನುಕೂಲವೂ ಇದೆ. ನೀವು ಕಿವಿಯಿಂದ ಆರಿಸಿದ ಹಾಡುಗಳನ್ನು ಆ ಫೋಲ್ಡರ್‌ನಲ್ಲಿಡಿ.

ಪುಸ್ತಕ: ಕಾಗದವೋ, ಫೋನೋ

ಪಟ್ಟಿಯ ರೂಪಕ್ಕಿಂತ ಮೊದಲು ಅದರ ಕ್ರಮ. ಕರೋಕೆ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಗಾಯಕರ ಹೆಸರು, ಹಾಡಿನ ಹೆಸರು ಎಂಬ ಎರಡು ಕಲಂ ಕೇಳುತ್ತವೆ. ನಮ್ಮ ಜನ ಹಾಗೆ ಕೇಳುವುದಿಲ್ಲ. ಹಾಡಿನ ಮೊದಲ ಸಾಲು ಹೇಳುತ್ತಾರೆ, ಇಲ್ಲವೇ ಸಿನಿಮಾ ಹೆಸರು, ಇಲ್ಲವೇ ನಾಯಕನ ಹೆಸರು. ‘ಅಣ್ಣಾವ್ರ ಹಾಡು’ ಅಂದರೆ ರಾಜ್‌ಕುಮಾರ್ ಹಾಡಿದ್ದೂ ಇರಬಹುದು, ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡಿದ್ದೂ ಇರಬಹುದು. 1974ರ ಸಂಪತ್ತಿಗೆ ಸವಾಲ್ ಆದ ಮೇಲೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ಬಹುತೇಕ ತಾವೇ ಹಾಡಿದರು, ಅದಕ್ಕೆ ಮೊದಲಿನವು ಹೆಚ್ಚಾಗಿ ಶ್ರೀನಿವಾಸ್ ದನಿಯಲ್ಲಿವೆ. ಹಾಗಾಗಿ ಗಾಯಕರ ಕಲಂ ಒಂದೇ ಇದ್ದರೆ ಅಣ್ಣಾವ್ರ ಅರ್ಧ ಹಾಡು ಯಾರಿಗೂ ಸಿಗುವುದಿಲ್ಲ. ಮೊದಲ ಸಾಲು, ಚಿತ್ರ ಮತ್ತು ವರ್ಷ, ಗಾಯಕರು, ನಟರು ಎಂದು ನಾಲ್ಕು ಕಲಂ ಇಡಿ. ವರ್ಷ ಯಾಕೆ ಅಂದರೆ ಗಂಧದ ಗುಡಿ 1973ರಲ್ಲೂ ಇದೆ, 2022ರಲ್ಲೂ ಇದೆ. ಭಾವಗೀತೆಗೆ ಚಿತ್ರದ ಜಾಗದಲ್ಲಿ ಕವಿಯ ಹೆಸರು ಬರಲಿ. ಕುವೆಂಪು ಬೆಳೆದ, ಜಿ.ಎಸ್. ಶಿವರುದ್ರಪ್ಪ ಹುಟ್ಟಿದ ಜಿಲ್ಲೆಯಲ್ಲಿ ಕವಿಯ ಹೆಸರು ಹಿಡಿದು ಕೇಳುವವರು ಇದ್ದೇ ಇರುತ್ತಾರೆ.

ಪಟ್ಟಿಯನ್ನು ಯೂನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿ. ನುಡಿ ಅಥವಾ ಬರಹದ ಹಳೇ ಫಾಂಟ್‌ನಲ್ಲಿ ಮಾಡಿದ ಪಟ್ಟಿ ಬೇರೆಯವರ ಫೋನ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಾಯಿಸುವ ಸೌಲಭ್ಯ ಇದೆ, ಮಾಡಿಸಿಕೊಳ್ಳಿ. ಅಕಾರಾದಿ ಕ್ರಮವೂ ಆಗ ತಾನಾಗಿ ಬರುತ್ತದೆ.

ಕಾಗದದ ಪುಸ್ತಕ ನನಗೆ ಇವತ್ತಿಗೂ ಮೊದಲ ಆಯ್ಕೆ. ಪುಟಕ್ಕೆ 40 ಸಾಲಿನಂತೆ 1000 ಹಾಡು 25 ಪುಟದಲ್ಲಿ ಮುಗಿಯುತ್ತದೆ. ಒಂದೇ ಹಾಡನ್ನು ಐದು ಸಲ ಅಚ್ಚು ಹಾಕಿದರೆ ಪುಸ್ತಕ ಎಷ್ಟು ದಪ್ಪವಾದೀತು ನೋಡಿ. ಮೂರ್ನಾಲ್ಕು ಜನ ಸುತ್ತ ಕೂತು ಒಂದೇ ಪುಸ್ತಕ ತಿರುವುತ್ತಾ ‘ಅಯ್ಯೋ ಈ ಹಾಡು ಇದೆ’ ಎಂದು ನೆನಪು ಮಾಡಿಕೊಳ್ಳುವುದು ಫೋನ್‌ನಲ್ಲಿ ಆಗುವುದಿಲ್ಲ. ಅಕ್ಷರ ದಪ್ಪ ಇರಲಿ, ಹಿರಿಯರಿಗೆ ಕನ್ನಡಕ ಇಲ್ಲದೆಯೂ ಕಾಣಬೇಕು. ಮಲೆನಾಡಿನ ತೊಂದರೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ತೇವ ಹಿಡಿದು ಅಂಟಿಕೊಳ್ಳುತ್ತದೆ. ಮುಚ್ಚಳದ ಎರಡು ಪುಟ ಲ್ಯಾಮಿನೇಟ್ ಮಾಡಿ ಸ್ಪೈರಲ್ ಹಾಕಿಸಿ, ಒಳಗಿನ ಪುಟಗಳನ್ನು ಪ್ಲಾಸ್ಟಿಕ್ ಕವರ್‌ನಲ್ಲಿಡಿ. ಹೊಸ ಹಾಡಿಗೆ ಕೊನೆಯಲ್ಲಿ ಒಂದು ಬಿಡಿ ಹಾಳೆ ಸಾಕು.

ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್ ಕಳಿಸುವುದು ಸುಲಭ. ಜನ ಮನೆಯಲ್ಲೇ ಆರಿಸಿಕೊಂಡು ಬರುತ್ತಾರೆ. ಆದರೆ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೆ ಎಷ್ಟೋ ಸಲ ಸಿಗುವುದೇ ಇಲ್ಲ, ಅಕ್ಷರ ಕೂಡಿಸುವ ರೀತಿಯಲ್ಲಿ ಎಡವಟ್ಟಾಗುತ್ತದೆ. ಗೂಗಲ್ ಶೀಟ್‌ನ ಲಿಂಕ್ ಇದಕ್ಕಿಂತ ಒಳ್ಳೆಯದು.

ಕ್ಯೂಆರ್ ಕೋಡ್ ಅಂಟಿಸಿ, ಪಟ್ಟಿ ನೋಡಿ ಯಾವ ಹಾಡು ಬೇಕೆಂದು ಜನ ಫೋನ್‌ನಲ್ಲೇ ಹೇಳುವ ವ್ಯವಸ್ಥೆ ಶಿವಮೊಗ್ಗ ಪೇಟೆಯೊಳಗೆ ಚೆಂದ. ಆಗುಂಬೆ, ಹೊಸನಗರ, ಸಾಗರದ ಒಳಹಳ್ಳಿಗಳ ಹೋಂಸ್ಟೇಗೆ ಅದನ್ನೇ ನಂಬಿ ಹೋಗಬೇಡಿ. ಸಿಗ್ನಲ್ ಇಲ್ಲದ ಜಾಗಗಳು ಅಲ್ಲಿ ಬೇಕಾದಷ್ಟಿವೆ. ಅಲ್ಲಿ ಲ್ಯಾಪ್‌ಟಾಪ್‌ನಲ್ಲೇ ಪಟ್ಟಿಯ ಪುಟ ಇಟ್ಟು ಸಣ್ಣ ವೈಫೈ ರೂಟರ್ ಮೂಲಕ ಫೋನ್‌ಗಳಿಗೆ ತೋರಿಸಬಹುದು, ಇಂಟರ್‌ನೆಟ್ ಬೇಕಾಗಿಲ್ಲ. ಫೋನ್‌ನ ಮೊಬೈಲ್ ಡೇಟಾ ಆಫ್ ಮಾಡಲು ಹೇಳಿ, ಇಲ್ಲದಿದ್ದರೆ ನೆಟ್ ಇಲ್ಲದ ವೈಫೈಯನ್ನು ಫೋನ್ ತಾನಾಗಿ ಬಿಟ್ಟುಬಿಡುತ್ತದೆ.

ಯಾರಿಗೆ ಯಾವುದು

ಮನೆ, ಅಪಾರ್ಟ್‌ಮೆಂಟ್ ಮಟ್ಟದಲ್ಲಿ ಮುನ್ನೂರು ನಾನೂರು ಹಾಡು ಇಟ್ಟುಕೊಂಡವರಿಗೆ ದೊಡ್ಡ ಸಾಫ್ಟ್‌ವೇರ್ ಬೇಡ. ಮೊದಲನೇ ದಾರಿಯ ಹೋಲಿಕೆ ಒಮ್ಮೆ ಮಾಡಿ, ಉಳಿದದ್ದನ್ನು ಕಿವಿಯಿಂದ ನೋಡಿ, ಎಕ್ಸೆಲ್‌ನಲ್ಲಿ ನಂಬರ್ ಕೊಡಿ. ಒಂದು ಪುಸ್ತಕ, ಬೇಕಾದ ಹಾಡಿನ ನಂಬರ್ ಬರೆದು ಹಾಕಲು ಒಂದು ಚೀಟಿ ಡಬ್ಬ.

ವಾರವಾರ ಕೂಟ ನಡೆಸುವವರಿಗೆ ಓಪನ್‌ಕೆಜೆ ಹೇಳುತ್ತೇನೆ. ಉಚಿತ, ಜಿಪ್ ಮತ್ತು ಎಂಪಿ4 ಎರಡನ್ನೂ ಓಡಿಸುತ್ತದೆ, ಸ್ಕೇಲ್ ಬದಲಾಯಿಸುತ್ತದೆ, ಯಾರ ಸರದಿ ಆದ ಮೇಲೆ ಯಾರು ಎಂದು ಲೆಕ್ಕ ಇಡುತ್ತದೆ. ಅದು ಫೈಲಿನ ಹೆಸರು ನೋಡಿಯೇ ಪಟ್ಟಿ ಮಾಡುವುದರಿಂದ ಹೆಸರಿನ ಮಾದರಿ ಒಂದೇ ಇರಬೇಕು. ಅದಕ್ಕೇ ಡಬಲ್ ತೆಗೆದ ಮೇಲೆ ಹೆಸರು ತಿದ್ದಿ, ಆಮೇಲೆ ಇದಕ್ಕೆ ತುಂಬಿಸಿ. ಕೆರಾಫನ್ ಥರ ಚಂದಾ ಕಟ್ಟುವ ಸೇವೆಗಳಲ್ಲಿ ಡಬಲ್ ತಲೆನೋವು ಇಲ್ಲ, ಪಟ್ಟಿ ಅವರದ್ದೇ. ದುಡ್ಡು ಕಟ್ಟುವ ಮೊದಲು ನಿಮ್ಮ ಕೂಟದವರು ಹಾಡುವ ಕನ್ನಡ ಹಾಡುಗಳು ಅದರಲ್ಲಿವೆಯಾ ಎಂದು ಒಂದೊಂದಾಗಿ ಹುಡುಕಿ ನೋಡಿ. ಯೂಟ್ಯೂಬ್‌ನಿಂದ ನೇರವಾಗಿ ಓಡಿಸುವುದು ಸಣ್ಣ ಕೂಟಕ್ಕೆ ಸರಿ. ಮಧ್ಯೆ ಜಾಹೀರಾತು ಬರುತ್ತದೆ, ನೆಟ್ ನಿಲ್ಲುತ್ತದೆ, ಹೋದ ವಾರ ಇದ್ದ ವಿಡಿಯೋ ಈ ವಾರ ಇರದೇ ಹೋಗಬಹುದು.

ಮದುವೆ, ಉತ್ಸವ ಎಂದು ಊರೂರು ತಿರುಗುವವರು ಮಾತ್ರ ನಾಲ್ಕೂ ದಾರಿಯಲ್ಲಿ ಪೂರ್ತಿ ಕೆಲಸ ಮಾಡಬೇಕು. ಯಾರು ಏನು ಕೇಳುತ್ತಾರೆ ಎಂದು ಅವರಿಗೆ ಮೊದಲೇ ತಿಳಿಯುವುದಿಲ್ಲ. ಕಾಗದ, ವೈಫೈ ಎರಡೂ ಜೊತೆಯಲ್ಲಿರಲಿ.

ಇದಕ್ಕೆ ಒಳ್ಳೆಯ ಸಮಯ ಆಷಾಢ. ಮದುವೆ ಇರುವುದಿಲ್ಲ, ಹೊರಗೆ ಮಳೆ, ಗಣಪತಿ ಹಬ್ಬಕ್ಕೆ ಇನ್ನೂ ಸಮಯ ಇರುತ್ತದೆ. ಶುರು ಮಾಡುವ ಮೊದಲು ಪೂರ್ತಿ ಸಂಗ್ರಹವನ್ನು ಇನ್ನೊಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಆ ಡಿಸ್ಕನ್ನು ಬೇರೆ ಮನೆಯಲ್ಲಿಡಿ. ‘ಪಕ್ಕಕ್ಕೆ’ ಫೋಲ್ಡರನ್ನು ಗಣಪತಿ, ದಸರಾ, ರಾಜ್ಯೋತ್ಸವ ಮೂರೂ ಮುಗಿಯುವ ತನಕ ಅಳಿಸಬೇಡಿ. ಅಷ್ಟರೊಳಗೆ ಯಾರೂ ಕೇಳದ ಟ್ರ್ಯಾಕ್‌ಗಳನ್ನು ನವೆಂಬರ್ ಕೊನೆಯಲ್ಲಿ ತೆಗೆದುಹಾಕಿ.